ಸೇತುವೆ ಮೊದಲು ಬಿತ್ತಾ, ರೈಲು ಮೊದಲು ಹಳಿ ತಪ್ಪಿತಾ?

ಸೇತುವೆ ಕುಸಿದು ಗೂಡ್ಸ್ ರೈಲು ಬಿತ್ತಾ, ಇಲ್ಲಾ ರೈಲು ಹಳಿ ತಪ್ಪಿ ಸೇತುವೆ ಹೋಯಿತಾ ಅಂತ ಕೇಳಿದ್ದೀರಿ. ಎರಡೂ ಆಗಬಹುದು. ನಾನಾದರೆ ಮೊದಲು ನೋಡುವುದು ಸೇತುವೆಗಿಂತ ಹಿಂದಿನ ಹಳಿಯನ್ನು. ಅಲ್ಲಿನ ಸ್ಲೀಪರ್‌ಗಳ (ಹಳಿಯ ಕೆಳಗಿನ ಅಡ್ಡ ದಿಮ್ಮಿಗಳ) ಮೇಲೆ ಚಕ್ರ ಕೊರೆದ ಗುರುತಿದ್ದರೆ ರೈಲು ಆಗಲೇ ಹಳಿ ಬಿಟ್ಟಿತ್ತು ಅಂತ ಅರ್ಥ. ಹಳೇ ಟ್ರಸ್ ಸೇತುವೆಯಾದರೆ, ಅಂದರೆ ಕಂಬಿಗಳನ್ನು ತ್ರಿಕೋನಗಳಾಗಿ ಜೋಡಿಸಿ ಕಟ್ಟಿದ್ದಾದರೆ, ವ್ಯಾಗನ್ ಗುದ್ದಿ ಒಂದು ಮುಖ್ಯ ಕಂಬಿ ಮುರಿದರೂ ಸಾಕು, ಆ ಭಾಗ ಪೂರ್ತಿ ಕೆಳಗೆ ಬರಬಹುದು. ಹಳಿ ತಪ್ಪಲು ಬಿರುಕು ಬಿಟ್ಟ ಹಳಿ, ಬಿಸಿಲಿಗೆ ಸೊಟ್ಟಗಾದ ಹಳಿ, ಕಾದುಹೋದ ಚಕ್ರದ ಬೇರಿಂಗ್ ಯಾವುದು ಬೇಕಾದರೂ ಕಾರಣ ಇರಬಹುದು. 2023ರಲ್ಲಿ ಅಮೆರಿಕದ ಈಸ್ಟ್ ಪ್ಯಾಲೆಸ್ಟೈನ್ ಊರಲ್ಲಿ ಗೂಡ್ಸ್ ರೈಲು ಹಳಿ ತಪ್ಪಿದಾಗ ಕೈಕೊಟ್ಟಿದ್ದು ಬೇರಿಂಗೇ.

ಗುರುತೇ ಇಲ್ಲದಿದ್ದರೆ ಸೇತುವೆಯೇ ಮೊದಲು ಬಿದ್ದಿರಬಹುದು, ಆಗ ನನ್ನ ಅನುಮಾನ ನೀರಿನ ಮೇಲೆ. ಪ್ರವಾಹ ಸೇತುವೆಯ ಕಂಬದ ಬುಡದ ಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ನೀರು ಇಳಿದಾಗ ಆ ಗುಂಡಿಗೆ ಸಡಿಲ ಮರಳು ತುಂಬಿರುತ್ತದೆ, ಮೇಲಿಂದ ನೋಡಿದರೆ ಎಲ್ಲಾ ಸರಿಯಾಗೇ ಕಾಣುತ್ತದೆ.