ಮುಲಾಮು ಬಿಟ್ಟು ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುವವರಿಗೆ

ಪ್ರಶ್ನೆ: ಎರಡು ವರ್ಷದಿಂದ ಬಾಯಿಯಲ್ಲಿ ಲೈಕೆನ್ ಪ್ಲಾನಸ್ ಎಂಬ ಉರಿಯೂತದ ರೋಗ. ಎರಡೂ ಕೆನ್ನೆಯ ಒಳಗೆ ಬಿಳಿ ಗೆರೆ, ನಡುವೆ ಕೆಂಪು ಹುಣ್ಣು, ಉರಿ. ಸ್ಟೀರಾಯ್ಡ್ ಮುಲಾಮು ಕೆಲಸ ಮಾಡಲಿಲ್ಲ. ಆಕ್ಸಿಡೇಟಿವ್ ಒತ್ತಡವೇ (ಕೋಶ ಕೆಡಿಸುವ ಆಕ್ಸಿಡೆಂಟ್ ಅಣುಗಳು ಮಿತಿಮೀರುವುದು) ಇದಕ್ಕೆ ಕಾರಣವಂತೆ. ಅವನ್ನು ತಡೆಯುವ ಆಂಟಿಆಕ್ಸಿಡೆಂಟ್ ಮಾತ್ರೆ ಸಾಕಲ್ಲವೇ?

ಉತ್ತರ: ಸಾಲದು. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಈ ರೋಗದಲ್ಲಿ ಟಿ ಕೋಶಗಳು, ಅಂದರೆ ರೋಗನಿರೋಧಕ ಬಿಳಿ ರಕ್ತಕಣಗಳಾದ ಟಿ ಲಿಂಫೋಸೈಟ್‌ಗಳು ಲೋಳೆಪೊರೆಯ ತಳದ ಕೋಶಗಳನ್ನು ಕೊಲ್ಲುತ್ತವೆ. ಆ ದಾಳಿಯಲ್ಲಿ ಹುಟ್ಟುವ ಆಕ್ಸಿಡೆಂಟ್‌ಗಳು ಕೋಶಪೊರೆಯ ಕೊಬ್ಬನ್ನು ಕೆಡಿಸಿ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತವೆ. ರೋಗಿಗಳ ಜೊಲ್ಲಿನಲ್ಲಿ, ಹೀಗೆ ಕೆಟ್ಟ ಕೊಬ್ಬಿನಿಂದ ಹುಟ್ಟುವ ಮಲಾನ್‌ಡೈಆಲ್ಡಿಹೈಡ್ ಹೆಚ್ಚು, ಯೂರಿಕ್ ಆಮ್ಲ ಕಡಿಮೆ ಕಂಡುಬರುವುದು ಅದಕ್ಕೇ. (ಕೀಲುನೋವು ತರುವ ಅದೇ ಯೂರಿಕ್ ಆಮ್ಲ; ಜೊಲ್ಲಿನ ಮುಖ್ಯ ಆಂಟಿಆಕ್ಸಿಡೆಂಟೂ ಅದೇ.) ಆದರೆ ನೀವು ಮಾತ್ರೆ ನುಂಗಿದರೆ ಟಿ ಕೋಶಗಳು ದಾಳಿ ನಿಲ್ಲಿಸುವುದಿಲ್ಲ.

ದಿನಕ್ಕೆ 8 ಮಿಲಿಗ್ರಾಂ ಲೈಕೊಪಿನ್ (ಟೊಮೆಟೊದ ಕೆಂಪು ಬಣ್ಣ) ಕೊಟ್ಟ ಸಣ್ಣ ಪ್ರಯೋಗದಲ್ಲಿ ಉರಿ ಇಳಿದದ್ದು ನಿಜ. ಅರಿಶಿನದ ಕರ್ಕ್ಯುಮಿನ್ ದಿನಕ್ಕೆ 2000 ಮಿಲಿಗ್ರಾಂ ಕೊಟ್ಟ ಪ್ರಯೋಗವನ್ನು ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಿದರು. ಸ್ವಲ್ಪ ಫಲ ಕಂಡದ್ದು ದಿನಕ್ಕೆ 6000ಕ್ಕೆ ಏರಿಸಿದಾಗ. ನೀವು ನುಂಗುವ 500ರ ಕ್ಯಾಪ್ಸೂಲ್ ಯಾವ ಲೆಕ್ಕ? ಬೇಕಿದ್ದರೆ ವೈದ್ಯರನ್ನು ಕೇಳಿ, ಮುಲಾಮಿನ ಜೊತೆಗೆ ತೆಗೆದುಕೊಳ್ಳಿ. ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ ಕೇಳದೆ ಮುಟ್ಟಬೇಡಿ.

ಇನ್ನು ‘ಕೆಲಸ ಮಾಡದ’ ಮುಲಾಮು. ಹತ್ತರಲ್ಲಿ ಎಂಟು ಮಂದಿ ಒದ್ದೆ ಕೆನ್ನೆಗೆ ಬಳಿದು, ತಕ್ಷಣ ನೀರು ಕುಡಿಯುತ್ತಾರೆ ಎಂದೇ ನನ್ನ ಗುಮಾನಿ. ಊಟ ಮಾಡಿ, ಹಲ್ಲುಜ್ಜಿ, ಹುಣ್ಣಿನ ಜಾಗವನ್ನು ಒಣ ಗಾಜ್ ಬಟ್ಟೆಯಿಂದ ಒತ್ತಿ ಒರೆಸಿ. 0.05% ಕ್ಲೋಬೆಟಾಸಾಲ್ ಎಂಬ ಸ್ಟೀರಾಯ್ಡ್ ಮುಲಾಮನ್ನು ತೆಳ್ಳಗೆ ಅಂಟಿಸಿ, ತಿಕ್ಕಬೇಡಿ. ಅರ್ಧ ಗಂಟೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ದಿನಕ್ಕೆರಡು ಸಲ, ಕನಿಷ್ಠ ಎರಡು ವಾರ. ಉರಿ ಇಳಿದ ಮೇಲೆ ವೈದ್ಯರು ಹೇಳಿದಂತೆ ದಿನಕ್ಕೊಮ್ಮೆ, ದಿನ ಬಿಟ್ಟು ದಿನ ಎಂದು ಇಳಿಸುತ್ತಾ ಬನ್ನಿ. ಒಸಡಿನಲ್ಲಿ ಹುಣ್ಣಿದ್ದರೆ ಮುಲಾಮು ನಿಲ್ಲುವುದೇ ಇಲ್ಲ; ಮುಲಾಮನ್ನು ಒಸಡಿಗೆ ಒತ್ತಿ ಹಿಡಿಯುವ ಅಳತೆಯ ಟ್ರೇಯನ್ನು ದಂತವೈದ್ಯರಿಂದ ಮಾಡಿಸಿಕೊಳ್ಳಿ. ನಡುವೆ ಒರೆಸಿದರೆ ಬರುವ ಮೊಸರಿನಂಥ ಬಿಳುಪು ಕಂಡರೆ ಅದು ಕ್ಯಾಂಡಿಡಾ ಶಿಲೀಂಧ್ರ. ಅದಕ್ಕೆ ಬೇರೆ ಔಷಧಿ ಇದೆ.

ಬಿಳಿ ಗೆರೆಗಳು ಉಳಿಯಬಹುದು, ಅವುಗಳ ಹಿಂದೆ ಬೀಳಬೇಡಿ. ಹೋಗಬೇಕಾದದ್ದು ಹುಣ್ಣು, ಉರಿ. ಈ ರೋಗ ತಾನಾಗಿ ಏರುತ್ತದೆ, ಇಳಿಯುತ್ತದೆ. ಇಳಿದ ತಿಂಗಳು ಹೋದವರಿಗೆ ‘ಬೇರುಸಹಿತ ಗುಣ’ ಎನ್ನುವ ನಕಲಿ ವೈದ್ಯ ದೇವರಾಗುತ್ತಾನೆ. ವರ್ಷಗಳ ಅವಧಿಯಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಇದು ಕ್ಯಾನ್ಸರ್‌ಗೆ ತಿರುಗುತ್ತದೆ. ಆರು ತಿಂಗಳಿಗೊಮ್ಮೆ ತೋರಿಸಿ. ಗಟ್ಟಿಯಾದ, ಮೂರು ವಾರವಾದರೂ ಮಾಯದ ಹುಣ್ಣಿಗೆ ಬಯಾಪ್ಸಿಯೇ (ತುಣುಕು ತೆಗೆದು ಪರೀಕ್ಷೆ) ಆಗಬೇಕು.

ಪ್ರಶ್ನೆ: ಜೊಲ್ಲಿನ ಆಂಟಿಆಕ್ಸಿಡೆಂಟ್ ಪರೀಕ್ಷೆ ಮಾಡಿಸಲೇ?

ಉತ್ತರ: ದುಡ್ಡು ದಂಡ. ಆ ಅಂಕಿಗಳು ಗುಂಪಿನ ಸರಾಸರಿ. ನಿಮ್ಮೊಬ್ಬರ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ.

ಪ್ರಶ್ನೆ: ಸಿಗರೇಟು ಸೇದುತ್ತೇನೆ. ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ಒಳ್ಳೆಯದೇ?

ಉತ್ತರ: ಫಿನ್ಲೆಂಡಿನ ಧೂಮಪಾನಿಗಳಿಗೆ ದಿನಕ್ಕೆ 20 ಮಿಲಿಗ್ರಾಂ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತು. ಫಲಿತಾಂಶ 1994ರಲ್ಲೇ ಪ್ರಕಟವಾಗಿದೆ. ಸಿಗರೇಟು ಬಿಡಿ.

ಪ್ರಶ್ನೆ: ವಿಟಮಿನ್ ಸಿ ಮಾತ್ರೆಯನ್ನು ಹುಣ್ಣಿನ ಮೇಲೆ ಇಡಬಹುದೇ?

ಉತ್ತರ: ಅದು ಆಮ್ಲ. ಹುಣ್ಣನ್ನು ಸುಡುತ್ತದೆ, ಪಕ್ಕದ ಹಲ್ಲಿನ ಎನಾಮಲ್ ಸವೆಸುತ್ತದೆ.

ಪ್ರಶ್ನೆ: ಮುತ್ತಿಟ್ಟರೆ ಹರಡುತ್ತದೆಯೇ?

ಉತ್ತರ: ಇಲ್ಲ.