ಬಾಸುಂದಿಯ ಮೇಲೆ ಬಂದ ಅಪವಾದ

ಪತ್ರ: ಬ್ಯಾಕ್ಟೀರಿಯಾದ ಜೀನೋಮ್ ಓದಿ ವಾಂತಿ-ಭೇದಿಯ ಮೂಲ ಹಿಡಿಯುವ ಬಗ್ಗೆ ಹೋದ ತಿಂಗಳು ನೀವು ಬರೆದದ್ದು ಓದಿದೆ. ನಮ್ಮ ಕಾಕಾ ಮದುವೆ ಅಡುಗೆಯ ಆಚಾರಿ. ಬೇಸಿಗೆಯಲ್ಲಿ ಒಂದು ಮದುವೆಯಲ್ಲಿ ಉಂಡ ಎಪ್ಪತ್ತು ಜನ ಮಲಗಿದರು. ಕೆಲವರಿಗೆ ಅದೇ ಸಂಜೆ ವಾಂತಿ, ಜಾಸ್ತಿ ಜನಕ್ಕೆ ಮರುದಿನ ಜ್ವರ, ಭೇದಿ. ಎಲ್ಲರೂ ಬಾಸುಂದಿ ಮೇಲೆ ಹಾಕಿದರು, ಅಂದರೆ ಕಾಕಾನ ಮೇಲೆ. ಅದೇ ವಾರ ಆಚೆಯ ಎರಡು ಊರಲ್ಲೂ ಹೀಗೇ ಆಗಿತ್ತು. ಅಲ್ಲಿ ಕಾಕಾ ಅಡುಗೆಗೆ ಹೋಗಿರಲಿಲ್ಲ. ಆದರೂ ಈಗ ಅವರನ್ನು ಯಾರೂ ಕರೆಯುತ್ತಿಲ್ಲ. ಜೀನೋಮ್ ಓದುವ ಆ ಮಷಿನ್ ನಮ್ಮಲ್ಲಿ ಇದ್ದಿದ್ದರೆ ಸತ್ಯ ಗೊತ್ತಾಗುತ್ತಿತ್ತಾ? ಇಲ್ಲಾ ಇದೆಲ್ಲ ಪರದೇಶದ ಸುದ್ದಿ ಅಷ್ಟೇನಾ? ಇನ್ನೊಂದು ಮಾತು. ಜರ್ಮನಿಯಲ್ಲಿ ಮೆಂತ್ಯದಿಂದ ಜನ ಸತ್ತರು ಅಂತ ಓದಿ ಹೇಳಿದಾಗಿನಿಂದ ಅವ್ವ ರೊಟ್ಟಿ ಜೊತೆ ಹಸಿ ಮೆಂತ್ಯ ಕೊಡುವುದನ್ನೇ ಬಿಟ್ಟಿದ್ದಾಳೆ.
— ಬೈಲಹೊಂಗಲ ತಾಲೂಕಿನ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಾಕಾ ನೆನೆದು ಬೇಜಾರಾಯಿತು. ಎರಡನೇ ಸಲ ಕಣ್ಣು ನಿಂತದ್ದು ‘ಆಚೆಯ ಎರಡು ಊರಲ್ಲೂ ಹೀಗೇ ಆಗಿತ್ತು’ ಎಂಬ ಸಾಲಿನ ಮೇಲೆ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಅದೇ ಮುಖ್ಯ ಅನಿಸಿತು.

ನಾನು ಪ್ರೆಸ್ಸಿನ ಮನುಷ್ಯ, ಹಾಗಾಗಿ ಪ್ರೆಸ್ಸಿನ ಕತೆಯನ್ನೇ ಹೇಳುತ್ತೇನೆ. ಒಂದು ದೀಪಾವಳಿ ಸಂಚಿಕೆಯಲ್ಲಿ ಬೆಳಗಾವಿ ಕುಂದಾ ಮಾಡುವ ವಿಧಾನ ಹಾಕಿದ್ದೆವು. ಒಂದು ಕಡೆ ‘ಕುಂದಾ’ ಹೋಗಿ ‘ಕಾಂದಾ’ ಆಗಿತ್ತು. ಮರಾಠಿಯಲ್ಲಿ ಕಾಂದಾ ಅಂದರೆ ಉಳ್ಳಾಗಡ್ಡಿ. ಶಹಾಪುರ, ಟಿಳಕವಾಡಿಯ ಓದುಗರು ವಾರಗಟ್ಟಲೆ ಫೋನ್ ಮಾಡಿ ನಕ್ಕರು. ಮರುವರ್ಷ ಇನ್ನೊಂದು ಪತ್ರಿಕೆಯಲ್ಲಿ ಕುಂದಾ ಲೇಖನ ಬಂತು. ಹಾಲು, ಸಕ್ಕರೆ, ಮೊಸರು ಎಲ್ಲರ ಮನೆಯಲ್ಲೂ ಒಂದೇ, ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅದೇ ಸಾಲಿನಲ್ಲಿ ಅದೇ ‘ಕಾಂದಾ’ ಕೂತಿತ್ತು! ನಮ್ಮದನ್ನೇ ಇಳಿಸಿದ್ದಾರೆ ಅಂತ ಹೇಳಲು ಇನ್ನೇನು ಬೇಕು? ಜೊತೆಗೆ ಅವರದೇ ಒಂದು ಹೊಸ ತಪ್ಪೂ ಇತ್ತು. ಆಮೇಲೆ ಯಾರಾದರೂ ಎರಡೂ ತಪ್ಪಿನ ಸಮೇತ ಹಾಕಿದರೆ ಅವರು ನಮ್ಮಿಂದಲ್ಲ, ಇವರಿಂದ ತೆಗೆದದ್ದು ಅಂತಲೂ ಹೇಳಬಹುದಿತ್ತು.

ಜೀನೋಮ್ ಸೀಕ್ವೆನ್ಸಿಂಗ್ ಹುಡುಕುವುದೂ ಇಂಥ ಅಚ್ಚಿನ ತಪ್ಪನ್ನೇ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದೊಳಗೆ ಡಿಎನ್‌ಎ ರೂಪದಲ್ಲಿ ಸುಮಾರು 48 ಲಕ್ಷ ಅಕ್ಷರದ ಬರಹ ಇರುತ್ತದೆ. ಅದೇ ಅದರ ಜೀನೋಮ್, ಅದನ್ನು ಅಕ್ಷರ ಬಿಡದೆ ಓದುವುದೇ ಸೀಕ್ವೆನ್ಸಿಂಗ್. ಲಿಪಿಯಲ್ಲಿ ಇರುವುದು ನಾಲ್ಕೇ ಅಕ್ಷರ. ಒಂದು ಎರಡಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮಕ್ಕಳು-ಮೊಮ್ಮಕ್ಕಳಿಗೂ ಹೋಗುತ್ತದೆ. ಇಬ್ಬರು ರೋಗಿಗಳ ಬ್ಯಾಕ್ಟೀರಿಯಾದಲ್ಲಿ 48 ಲಕ್ಷಕ್ಕೆ ಮೂರೋ ನಾಲ್ಕೋ ಅಕ್ಷರ ಮಾತ್ರ ಬೇರೆ ಇದ್ದರೆ ಎರಡೂ ಇತ್ತೀಚೆಗೆ ಒಂದೇ ಮೂಲದಿಂದ ಬಂದಿರಬೇಕು. ನೂರಾರು ಬೇರೆ ಇದ್ದರೆ, ಹೆಸರು ಒಂದೇ ಆದರೂ ಮನೆತನ ಬೇರೆ. ಅಮೆರಿಕದವರು 1996ರಲ್ಲಿ ಪಲ್ಸ್‌ನೆಟ್ ಎಂಬ ಲ್ಯಾಬುಗಳ ಜಾಲ ಶುರು ಮಾಡಿದಾಗ ಡಿಎನ್‌ಎ ಕತ್ತರಿಸಿ ಪಟ್ಟೆ ಹೋಲಿಸಿ ನೋಡುತ್ತಿದ್ದರು. ಅದು ಪುಸ್ತಕ ತೆರೆಯದೆ ಬೆನ್ನು ನೋಡಿ ಗುರುತು ಹಿಡಿದ ಹಾಗೆ. 2019ರಿಂದ ಅಲ್ಲಿ ಪೂರ್ತಿ ಓದುವುದೇ ಪದ್ಧತಿ.

ಈಗ ನಿಮ್ಮ ಮೂರು ಊರು. ಅಲ್ಲಿನ ರೋಗಿಗಳಲ್ಲಿ ಒಂದೇ ತಳಿ ಸಿಕ್ಕಿದ್ದರೆ ಮಾತು ಬಾಸುಂದಿಯ ಕಡಾಯಿ ದಾಟಿ ಹೊರಗೆ ಹೋಗುತ್ತಿತ್ತು. ಮೂರೂ ಕಡೆ ಖವಾ ಎಲ್ಲಿಂದ ಬಂತು, ಪನೀರ್ ಎಲ್ಲಿಂದ, ನೀರಿನ ಟ್ಯಾಂಕರ್ ಯಾರದು ಅಂತ ಕೇಳಬೇಕಾಗುತ್ತಿತ್ತು.

ಹೀಗೆ ಹುಡುಕಿ ಹಿಡಿದದ್ದಕ್ಕೆ ದಕ್ಷಿಣ ಆಫ್ರಿಕಾದ ಉದಾಹರಣೆ ಇದೆ. 2017ರಲ್ಲಿ ಅಲ್ಲಿ ದೇಶದ ತುಂಬ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಕಾಯಿಲೆ ಹಬ್ಬಿತು. ತಿಂಗಳುಗಟ್ಟಲೆ ಮೂಲ ಗೊತ್ತಾಗಲಿಲ್ಲ. 2018ರ ಜನವರಿ 12ರಂದು ಸೊವೆಟೊದ ಆಸ್ಪತ್ರೆಗೆ ಒಂದೇ ಶಿಶುವಿಹಾರದ ಒಂಬತ್ತು ಮಕ್ಕಳು ಜ್ವರ-ಭೇದಿ ಅಂತ ಬಂದವು. ಮಕ್ಕಳ ಡಾಕ್ಟರಿಗೆ ಅನುಮಾನ ಬಂದು ಆರೋಗ್ಯ ಇಲಾಖೆಯವರಿಗೆ ಹೇಳಿದರು. ಅವರು ಅದೇ ದಿನ ಶಿಶುವಿಹಾರಕ್ಕೆ ಹೋಗಿ ಅಲ್ಲಿದ್ದ ಪೊಲೊನಿ ತಂದರು. ಅದು ಮನೆಯಲ್ಲಿ ಮತ್ತೆ ಬೇಯಿಸದೆ ಹಾಗೇ ತಿನ್ನುವ ಮಾಂಸದ ತಿನಿಸು. ಬ್ಯಾಕ್ಟೀರಿಯಾ ಸಿಕ್ಕಿದ್ದು ಒಂದೇ ಮಗುವಿನ ಮಲದಲ್ಲಿ. ಅಷ್ಟೇ ಸಾಕಾಯಿತು. ಮಗುವಿನದು, ಪೊಲೊನಿಯದು, ದೇಶದಲ್ಲಿ ಹತ್ತಕ್ಕೆ ಒಂಬತ್ತು ರೋಗಿಗಳದು, ಎಲ್ಲ ಒಂದೇ ತಳಿ. ಅಲ್ಲಿಂದ ದಾರಿ ಪೊಲೊಕ್ವಾನೆ ಊರಿನ ಒಂದು ಕಾರ್ಖಾನೆಗೆ ಹೋಯಿತು. ಅಷ್ಟರಲ್ಲಿ ಸಾವಿರದ ಹತ್ತಿರ ಜನ ಕಾಯಿಲೆ ಬಿದ್ದಿದ್ದರು. ಕೊನೆಗೆ ಸತ್ತವರ ಲೆಕ್ಕ ಇನ್ನೂರು ದಾಟಿತು.

ಹಾಗಾದರೆ ಮಷಿನ್ ಇದ್ದಿದ್ದರೆ ನಿಮ್ಮಲ್ಲೂ ಗೊತ್ತಾಗುತ್ತಿತ್ತಾ? ಇಲ್ಲ. ಪತ್ರ ಬಂದ ಮೇಲೆ ನಾನು ಫೋನ್ ಮಾಡಿದಾಗ ನೀವೇ ಹೇಳಿದಿರಿ. ಉಳಿದ ಅಡುಗೆಯನ್ನೆಲ್ಲ ಅದೇ ರಾತ್ರಿ ಜೆಸಿಬಿಯಿಂದ ಗುಂಡಿ ತೋಡಿ ಮುಚ್ಚಿದರು. ಕಡಾಯಿಗಳನ್ನು ಬೂದಿ ಹಾಕಿ ತಿಕ್ಕಿ ಬಾಡಿಗೆಯವನಿಗೆ ವಾಪಸ್ ಕೊಟ್ಟರು. ಸಾಲಿ ಕಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಕಿಟಕಿ ಸರಳಿಗೆ ಸಲೈನ್ ಬಾಟ್ಲಿ ಕಟ್ಟಿ, ಆ್ಯಂಟಿಬಯೋಟಿಕ್ ಕೊಟ್ಟರು. ಮಲದ ಸ್ಯಾಂಪಲ್ ಯಾರೂ ತೆಗೆಯಲಿಲ್ಲ. ಜೀವ ಉಳಿಸಿದವರನ್ನು ನಾನು ಬೈಯುತ್ತಿಲ್ಲ. ಆದರೆ ಓದಲು ಏನೂ ಉಳಿಯಲಿಲ್ಲ, ಅಲ್ವಾ? ಮಷಿನ್ ಊಟದ ಎಲೆಯನ್ನು ನೇರ ಓದಿಬಿಡುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲು ಸ್ಯಾಂಪಲ್‌ನಿಂದ ಬ್ಯಾಕ್ಟೀರಿಯಾ ಬೆಳೆಸಬೇಕು, ಅದಕ್ಕೇ ಒಂದೆರಡು ದಿನ ಬೇಕು. ಗುಳಿಗೆ ಹೊಟ್ಟೆಗೆ ಹೋದ ಮೇಲೆ ಅದು ಬೆಳೆಯುವ ಭರವಸೆ ಕಡಿಮೆ.

ಇನ್ನೊಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಕಾಕಾನ ತಪ್ಪೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಂಜೆಯೇ ವಾಂತಿ ಆದವರದು ಬೇರೆ ಕತೆ ಇರಬಹುದು. ಕೈಗೆ ಕುಯ್ದ ಗಾಯ ಇದ್ದರೆ ಅದರಿಂದ ಸ್ಟಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹಾಲಿನ ಸಿಹಿಗೆ ಬಿದ್ದು, ಸೆಕೆಯಲ್ಲಿ ಬೆಳೆದು, ವಿಷ ಬಿಡುತ್ತದೆ. ಉಂಡು ಎಂಟು ತಾಸಿನೊಳಗೆ ವಾಂತಿ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹೋಗುವುದಿಲ್ಲ. ಮರುದಿನ ಜ್ವರ-ಭೇದಿ ಆದವರದು ಸಾಲ್ಮೊನೆಲ್ಲಾ ತರಹದ್ದು ಇರಬಹುದು. ಪತ್ರ ನೋಡಿ ರೋಗ ಹೇಳುವ ವೈದ್ಯ ನಾನಲ್ಲ. ಜೀನೋಮ್ ಓದಿದ್ದರೆ ಕಾಕಾನ ಮೇಲಿನ ಅಪವಾದ ಹೋಗುತ್ತಿತ್ತೋ, ಗಟ್ಟಿಯಾಗುತ್ತಿತ್ತೋ, ಎರಡಕ್ಕೂ ತಯಾರಿರಬೇಕಿತ್ತು.

2011ರಲ್ಲಿ ಜರ್ಮನಿಯಲ್ಲಿ ಆದದ್ದನ್ನು ಕಾಕಾನಿಗೆ ಓದಿ ಹೇಳಿ. ಇ. ಕೋಲೈ ಓ104 ಎಂಬ ಬ್ಯಾಕ್ಟೀರಿಯಾದಿಂದ ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಜಾಸ್ತಿ ಜನ ಸತ್ತರು. ಹ್ಯಾಂಬರ್ಗ್‌ನ ಅಧಿಕಾರಿಗಳು ಸ್ಪೇನಿನ ಸೌತೆಕಾಯಿ ಕಡೆ ಬೆರಳು ತೋರಿಸಿದರು. ಸೌತೆಕಾಯಿಯಲ್ಲಿ ಇ. ಕೋಲೈ ಇದ್ದದ್ದು ನಿಜ, ಆದರೆ ಈ ತಳಿ ಅಲ್ಲ. ಕೆಲವೇ ದಿನದಲ್ಲಿ ಅದು ಗೊತ್ತಾಯಿತು. ಅಷ್ಟರಲ್ಲಿ ಸ್ಪೇನಿನ ರೈತರ ಮಾಲು ಕೇಳುವವರಿಲ್ಲದೆ ಕೊಳೆಯಿತು. ಜೂನ್ ಮೊದಲ ವಾರದಲ್ಲೇ ಜೀನೋಮ್ ಓದಿ ಆಗಿತ್ತು. ಆದರೆ ಮೂಲ ಸಿಕ್ಕಿದ್ದು ಜನರನ್ನು ಕೇಳಿ. ಹೋಟೆಲಿನಲ್ಲಿ ಯಾರು ಏನು ತಿಂದರು, ಅದರಲ್ಲಿ ಏನೇನು ಹಾಕಿದ್ದರು ಅಂತ ಕೇಳುತ್ತ ಹೋಗಿ ಮೊಳಕೆ ಕಾಳಿಗೆ ಬಂದರು. ಅಲ್ಲಿಂದ ಮಾಲಿನ ಲೆಕ್ಕ ಹಿಡಿದು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದವರೆಗೆ ಹೋದರು. ಆ ಬೀಜದಲ್ಲಿ ಬ್ಯಾಕ್ಟೀರಿಯಾ ಸಿಗಲೇ ಇಲ್ಲ. ಲೆಕ್ಕದ ಕಾಗದವೇ ಸಾಕ್ಷಿ ಆಯಿತು.

ಅದಕ್ಕೇ ಕೇಳುತ್ತೇನೆ, ಆ ದಿನದ ಖವಾದ ಬಿಲ್ಲು ಕಾಕಾನ ಹತ್ತಿರ ಇದೆಯಾ? ಮುಂದೆ ಕೆಲಸ ಬಂದರೆ ಪ್ರತಿ ಸಾಮಾನಿಗೂ ತಾರೀಖು ಹಾಕಿದ ಚೀಟಿ ಇಸಿದುಕೊಳ್ಳಲು ಹೇಳಿ. ಪಂಕ್ತಿ ಶುರು ಆಗುವ ಮೊದಲು ಪ್ರತಿ ಪದಾರ್ಥದಿಂದ ಒಂದೊಂದು ಬಟ್ಟಲು ತೆಗೆದು, ಮುಚ್ಚಳದ ಸ್ವಚ್ಛ ಡಬ್ಬಿಯಲ್ಲಿ, ಮೂರು ದಿನ ಫ್ರಿಜ್ಜಿನಲ್ಲಿ ಇಡಲಿ. ಏನಾದರೂ ಆದರೆ, ಗುಳಿಗೆ ಕೊಡುವ ಮೊದಲು ನಾಲ್ಕೈದು ಜನರ ಮಲದ ಸ್ಯಾಂಪಲ್ ತೆಗೆಯಿರಿ ಅಂತ ಆರೋಗ್ಯ ಕೇಂದ್ರದವರಿಗೆ ನೀವೇ ಹೇಳಿ. ನಾಚಿಕೆ ಬೇಡ. ಪರದೇಶದ ಸುದ್ದಿ ಅನ್ನುವ ಹಾಗೂ ಇಲ್ಲ. ಕೋವಿಡ್ ಕಾಲದಲ್ಲಿ ವೈರಸ್ಸಿನ ಜೀನೋಮನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಓದುತ್ತಿದ್ದರು. ನಮ್ಮಲ್ಲಿ ಕೊರತೆ ಬಂದದ್ದು ಒಂದು ಸ್ವಚ್ಛ ಬಾಟ್ಲಿಗೆ.

ಅವ್ವನಿಗೆ ಹೇಳಿ, ಜರ್ಮನಿಯವರು ತಿಂದದ್ದು ಮೆಂತ್ಯದ ಸೊಪ್ಪಲ್ಲ, ಹಸಿ ಮೊಳಕೆ. ಬೀಜದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲಿ ಅದೂ ಬೆಳೆಯುತ್ತದೆ. ಸೊಪ್ಪನ್ನು ಸ್ವಚ್ಛ ನೀರಿನಲ್ಲಿ ಎರಡು-ಮೂರು ಸಲ ತೊಳೆದು ಕೊಡಲಿ. ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಿಕಿ ನಾನಂತೂ ಬಿಟ್ಟಿಲ್ಲ. ಮೊಳಕೆ ಕಾಳನ್ನು ಮಾತ್ರ ಆ ಲೇಖನ ಹಾಕಿದಾಗಿನಿಂದ ನಮ್ಮ ಮನೆಯಲ್ಲೂ ಬೇಯಿಸಿ ಉಸಳಿ ಮಾಡಿಯೇ ಬಡಿಸುತ್ತಾರೆ.

— ಸಂ.