ಸಮುದ್ರವಿಲ್ಲದ ಊರಿನ ಉಪ್ಪು

ಮಲ್ಪೆಯ ಓದುಗರೊಬ್ಬರು ಬರೆದಿದ್ದಾರೆ: "ಜೈಪುರದಿಂದ ಜೋಧಪುರಕ್ಕೆ ರೈಲಿನಲ್ಲಿ ಹೋಗುವಾಗ ಸಾಂಭರ್ ಸರೋವರ ನೋಡಿದೆ. ಎರಡೂ ಕಡೆ ಬರೀ ಬಿಳಿ ಬಯಲು, ಹುಲ್ಲುಕಡ್ಡಿಯೂ ಇಲ್ಲ. ಇದಕ್ಕೆ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಬೇರೆ ಇದೆಯಂತೆ. ಉಪ್ಪಿನಲ್ಲಿ ಕಾಪಾಡುವಂಥದ್ದು ಏನಿದೆ? 2019ರಲ್ಲಿ ಅಲ್ಲಿ ಹಕ್ಕಿಗಳು ಸತ್ತದ್ದೂ ಉಪ್ಪಿನಿಂದಲೇ ಅಲ್ವಾ? ಇನ್ನೊಂದು, ಮನೆ ಮುಂದೆ ಸಮುದ್ರ ಇರುವ ನಾವು ಅಂಗಡಿಯಿಂದ ಉಪ್ಪು ತರುವುದು ಯಾಕೆ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು, ಅಲ್ಲಿಂದಲೇ ಶುರು ಮಾಡುತ್ತೇನೆ. ಉಪ್ಪು ಮಾಡಲು ಸಮುದ್ರ ಇದ್ದರೆ ಸಾಲದು, ಬಿಸಿಲೂ ಒಣಗಾಳಿಯೂ ಬೇಕು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್ ಬಂತೆಂದರೆ ಭರಣಿಯೊಳಗಿನ ಉಪ್ಪೇ ನೀರೊಡೆಯುತ್ತದೆ, ಇನ್ನು ಬಯಲಲ್ಲಿ ಒಣಗುವುದೆಲ್ಲಿಂದ?

ಸಾಂಭರ್‌ನಲ್ಲಿ ಎಲ್ಲ ಉಲ್ಟಾ. ಸಮುದ್ರ ನೂರಾರು ಕಿಲೋಮೀಟರ್ ದೂರ. ಮಳೆ 500 ಮಿಲಿಮೀಟರಿನ ಆಸುಪಾಸು. ನಮ್ಮ ನೇತ್ರಾವತಿ ಉಳ್ಳಾಲದ ಹತ್ತಿರ ಕಡಲು ಸೇರುತ್ತಾಳೆ. ಅಲ್ಲಿನ ಮೇಂಢಾ, ರೂಪನಗಢ ನದಿಗಳಿಗೆ ಆ ಭಾಗ್ಯವಿಲ್ಲ. ಸರೋವರಕ್ಕೆ ಬಂದು ಅಲ್ಲೇ ನಿಲ್ಲುತ್ತವೆ. ಬರುವಾಗ ಕಲ್ಲುಮಣ್ಣಿನಿಂದ ಚೂರು ಚೂರು ಲವಣ ಕರಗಿಸಿ ತರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಸಾರು ಬತ್ತಿಸಿದಷ್ಟೂ ಉಪ್ಪು ಜೋರಾಗುವುದಿಲ್ಲವೇ, ಹಾಗೆ. ಸಾವಿರಾರು ವರ್ಷದಿಂದ ಅಲ್ಲಿ ಇದೇ ನಡೆಯುತ್ತಿದೆ.

ನೀವು ಕಂಡದ್ದು ಬತ್ತಿದ ಸರೋವರ. ಒಳ್ಳೆಯ ಮಳೆಗಾಲ ಕಳೆದ ಮೇಲೆ ಹೋಗಿದ್ದರೆ 200 ಚದರ ಕಿಲೋಮೀಟರಿನಷ್ಟು ನೀರು ಕಾಣುತ್ತಿತ್ತು. ಆಳ ಏನೂ ಇಲ್ಲ, ಹೆಚ್ಚೆಂದರೆ 3 ಮೀಟರ್. ಆ ಉಪ್ಪುನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯುತ್ತದೆ. ಅದನ್ನು ತಿನ್ನಲು ರಾಜಹಂಸಗಳು (ಫ್ಲೆಮಿಂಗೊ) ಬರುತ್ತವೆ. ತಲೆ ಕೆಳಗೆ ಮಾಡಿ, ಕೊಕ್ಕನ್ನೇ ಜರಡಿ ಮಾಡಿಕೊಂಡು ಸೋಸಿ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣ ಬರುವುದೂ ಈ ಊಟದಿಂದಲೇ. 1990ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಿದ್ದು ಇಂಥ ಹಕ್ಕಿಗಳಿಗಾಗಿ, ಬಿಳಿ ಬಯಲಿಗಾಗಿ ಅಲ್ಲ.

2019ರ ನವೆಂಬರ್ ಸುದ್ದಿ ಬಂದಾಗ ನಾನೂ ಉಪ್ಪೇ ಕಾರಣ ಅಂದುಕೊಂಡಿದ್ದೆ. ಸತ್ತದ್ದು 18,000ಕ್ಕೂ ಹೆಚ್ಚು ಹಕ್ಕಿ. ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕ ಕಾರಣ ಬೇರೆ: ಬಾಟುಲಿಸಂ. ಗಾಳಿಯಾಡದ ಕೆಸರಲ್ಲಿರುವ ಬ್ಯಾಕ್ಟೀರಿಯಾ ವಿಷ ಮಾಡುತ್ತದೆ. ಹಕ್ಕಿಯ ರೆಕ್ಕೆ, ಕಾಲು ಸೋತು ಹೋಗುತ್ತವೆ. ಸತ್ತ ಹಕ್ಕಿಯಲ್ಲಿ ಹುಳ ಬೀಳುತ್ತದೆ, ವಿಷ ಹುಳಕ್ಕೆ ಏನೂ ಮಾಡುವುದಿಲ್ಲ. ಅದನ್ನು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ. ಈ ಸರಪಳಿ ತುಂಡು ಮಾಡಬೇಕಾದರೆ ಹೆಣಗಳನ್ನು ಬೇಗ ಬೇಗ ಎತ್ತಬೇಕು. ಅದು ತಡವಾದಷ್ಟೂ ಸಾವು ಜಾಸ್ತಿ.

ಹಾಗಂತ ಉಪ್ಪಿನ ಕೆಲಸವನ್ನೇ ನಿಲ್ಲಿಸಿ ಅನ್ನುವವರ ಜೊತೆ ನಾನಿಲ್ಲ. ಬ್ರಿಟಿಷರು ಜೈಪುರ, ಜೋಧಪುರದ ಅರಸರಿಂದ ಸರೋವರವನ್ನು ಗುತ್ತಿಗೆ ಪಡೆದದ್ದು 1870ರಲ್ಲಿ. ಅದಕ್ಕೂ ಬಹಳ ಮೊದಲಿಂದ ಅಲ್ಲಿ ಉಪ್ಪು ತೆಗೆಯುತ್ತಿದ್ದರು. ಹಕ್ಕಿಗಳೂ ಬರುತ್ತಿದ್ದವು. ನನಗೆ ಚಿಂತೆ ಇರುವುದು ನದಿಗಳ ದಾರಿಯಲ್ಲಿ ಎದ್ದಿರುವ ಸಣ್ಣ ಸಣ್ಣ ಒಡ್ಡುಗಳ ಬಗ್ಗೆ, ಸುತ್ತಲೂ ಅಕ್ರಮವಾಗಿ ಉಪ್ಪುನೀರು ಎಳೆಯುವ ಬೋರ್‌ವೆಲ್‌ಗಳ ಬಗ್ಗೆ. ನೀರೇ ಬರದಿದ್ದರೆ ಹಕ್ಕಿಯೂ ಇಲ್ಲ, ಉಪ್ಪೂ ಇಲ್ಲ.

ಉಪ್ಪೂ ಹಕ್ಕಿಯೂ ಒಟ್ಟಿಗೆ ಇರುವುದನ್ನು ನೋಡಲು ರಾಜಸ್ಥಾನಕ್ಕೇ ಹೋಗಬೇಕಿಲ್ಲ ಮಾರಾಯ್ರೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಗದ್ದೆಗಳಿವೆ. ಅದರ ಪಕ್ಕದ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು. ಉಡುಪಿಯಿಂದ ರೈಲು ಹತ್ತಿ ಗೋಕರ್ಣ ರೋಡ್‌ನಲ್ಲಿ ಇಳಿದರೆ ಆಯಿತು. ಮಳೆಗಾಲ ಶುರುವಾಗುವ ಮೊದಲು ಹೋಗಿ, ಆಮೇಲೆ ಹೋದರೆ ಗದ್ದೆ ತುಂಬ ಬರೀ ನೀರು.